ಭಾವಚಿತ್ರವನ್ನು ತೆಗೆಯುವ ಬಗೆ

ನಮ್ಮ ದೇವನಕೊಂಡದ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಕಾಲವಾದಾಗ ಅವರ ಭಾವಚಿತ್ರಕ್ಕಾಗಿ ಹುಡುಕಾಟ ನಡೆಯುತ್ತದೆ. ಕಡೆಗೆ ಸಿಕ್ಕುವುದು ಆಧಾರ್ ಕಾರ್ಡಿನ ಮೇಲಣ ಪುಟ್ಟ ಚಿತ್ರ. ಅದನ್ನೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಹೂಮಾಲೆ ತೊಡಿಸುತ್ತೇವೆ. ಜೀವಮಾನವೆಲ್ಲ ಹೊಲದಲ್ಲಿ ದುಡಿದು ಸಂಸಾರವನ್ನು ನಿಲ್ಲಿಸಿದ ತಾತನವರು ಅದರಲ್ಲಿ ಬೆದರಿದವರಂತೆ ಕಾಣುತ್ತಾರೆ. ಕ್ಯಾಮೆರಾ ಇರುವ ಫೋನು ಮನೆಮನೆಗೂ ಬಂದಿರುವಾಗ ಹೀಗಾಗಬೇಕಾದುದಿಲ್ಲ. ವಿದ್ಯಾರ್ಥಿಗಳು ಕೆಲವು ಸಂಗತಿಗಳನ್ನು ಅರಿತರೆ ಸಾಕು.

ಛಾಯಾಚಿತ್ರಕ್ಕೆ ಜೀವಾಳವೆಂದರೆ ಬೆಳಕು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ, ತೊಂದರೆಯೂ ಅದರಿಂದಲೇ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ ಕಣ್ಣುಗಳು ಹುಬ್ಬಿನ ನೆರಳಿನಲ್ಲಿ ಮುಳುಗಿಹೋಗುತ್ತವೆ. ರುಮಾಲು ಸುತ್ತಿದವರ ಅರ್ಧ ಮುಖವೇ ಕಪ್ಪಾಗುತ್ತದೆ. ಆದಕಾರಣ ಹಿರಿಯರನ್ನು ಅಂಗಳದಲ್ಲಿ ನಿಲ್ಲಿಸದೆ, ತಲೆಬಾಗಿಲಿನಿಂದ ಒಂದೆರಡು ಮೊಳ ಒಳಗೆ, ನೇರ ಬಿಸಿಲು ತಾಕದೆಡೆಯಲ್ಲಿ ಕುಳ್ಳಿರಿಸಬೇಕು. ಬಾಗಿಲಿನ ಬೆಳಕು ಮುಖದ ಒಂದು ಪಕ್ಕಕ್ಕೆ ಓರೆಯಾಗಿ ಬೀಳಲಿ. ಇನ್ನೊಂದು ಪಕ್ಕ ತೀರ ಕತ್ತಲೆಯಾದರೆ ಆ ಕಡೆ ತಮ್ಮನೋ ತಂಗಿಯೋ ಒಗೆದ ಬಿಳಿಯ ಪಂಚೆಯೊಂದನ್ನು ಹರಡಿ ಹಿಡಿಯಲಿ. ಬೆಳಕು ಅದರಿಂದ ಪ್ರತಿಫಲಿಸಿ ಕೆನ್ನೆಗೆ ಬರುತ್ತದೆ. ಕಣ್ಣಿನ ಕರಿಯ ಭಾಗದಲ್ಲಿ ಬಾಗಿಲಿನ ಬೆಳಕು ಚಿಕ್ಕ ಬಿಂದುವಾಗಿ ಹೊಳೆಯುತ್ತಿದ್ದರೆ ಕುಳಿತ ಜಾಗ ಸರಿಯಾಗಿದೆಯೆಂದೇ ತಿಳಿಯಬಹುದು. ಬಾಗಿಲು ಮಾತ್ರ ಅವರ ಬೆನ್ನ ಹಿಂದೆ ಬರಕೂಡದು.

ಇನ್ನು ದೂರದ ಮಾತು. ಫೋನನ್ನು ಮುಖಕ್ಕೆ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ, ಕಿವಿ ಸಣ್ಣದಾಗಿ ಕಾಣುವುದೇಕೆ? ಇದು ಅನುಪಾತದ ಲೆಕ್ಕ. ಮೂಗಿನ ತುದಿಗೂ ಕಿವಿಗೂ ಸುಮಾರು 5 ಅಂಗುಲದ ಅಂತರವೆಂದು ಇಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 12 ಅಂಗುಲದಲ್ಲಿದ್ದರೆ ಕಿವಿ 17 ಅಂಗುಲದಲ್ಲಿರುತ್ತದೆ, ಅನುಪಾತ 12:17. ಅದೇ 60 ಅಂಗುಲ, ಅಂದರೆ 5 ಅಡಿ, ಹಿಂದೆ ಸರಿದರೆ 60:65, ಎಂದರೆ 12:13. ಆಗ ಮುಖ ಇದ್ದಂತೆಯೇ ಬರುತ್ತದೆ. ಚಿತ್ರದಲ್ಲಿ ಮುಖ ಚಿಕ್ಕದಾಯಿತೆನಿಸಿದರೆ ಮುಂದಕ್ಕೆ ಹೋಗದೆ, ಫೋನಿನಲ್ಲಿಯೇ ಎರಡು ಪಟ್ಟು ಹಿಗ್ಗಿಸಿಕೊಳ್ಳಬೇಕು. ಫೋನು ಅವರ ಕಣ್ಣಿನ ಮಟ್ಟದಲ್ಲಿರಲಿ. ಮಂಚದ ಮೇಲೆ ಕುಳಿತ ಅವ್ವನವರನ್ನು ಮೇಲಿನಿಂದ ತೆಗೆದರೆ ಅವರು ಕುಗ್ಗಿದಂತೆ ತೋರುತ್ತಾರೆ. ತೆಗೆಯುವವರೇ ಮೊಣಕಾಲೂರಿ ಕೂರುವುದು ಲೇಸು.

ಬಿಳಿಯ ಸೀರೆ, ಬಿಳಿಯ ಅಂಗಿಗಳೆದುರು ಕ್ಯಾಮೆರಾ ಮೋಸಹೋಗಿ ಕಪ್ಪು ಮೈಬಣ್ಣದ ಮುಖವನ್ನು ಇನ್ನೂ ಕಪ್ಪಾಗಿಸುವುದುಂಟು. ಪರದೆಯ ಮೇಲೆ ಮುಖವನ್ನೇ ಬೆರಳಿನಿಂದ ಮುಟ್ಟಿದರೆ ಬೆಳಕಿನ ಅಳತೆ ಮುಖಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಸುಕ್ಕುಗಳನ್ನು ಅಳಿಸಿ ಮೈಬಣ್ಣ ತಿಳಿಯಾಗಿಸುವ ಸೌಂದರ್ಯದ ಏರ್ಪಾಡುಗಳು ನಮಗೆ ಸರ್ವಥಾ ಹಿಡಿಸವು. ಆ ಸುಕ್ಕುಗಳಿಲ್ಲದ ತಾತ ಯಾರ ತಾತ?

1839ರಲ್ಲಿ ಫ್ರಾನ್ಸಿನ ಡಗೇರ್ ತನ್ನ ವಿಧಾನವನ್ನು ಪ್ರಕಟಿಸಿದ ಆರಂಭದ ದಿನಗಳಲ್ಲಿ, ಚಿತ್ರ ತೆಗೆಯಿಸಿಕೊಳ್ಳುವವರು ನಿಮಿಷಗಟ್ಟಲೆ ಅಲುಗದೆ ಕೂರಬೇಕಾಗಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆಯನ್ನೂ ಕೊಡುತ್ತಿದ್ದರು. ಆ ಆಸರೆ ಹೋದರೂ ನಮ್ಮ ಜನರ ಬಿಗುವು ಹೋಗಿಲ್ಲ. ಫೋನು ಕಂಡೊಡನೆ ಉಸಿರು ಬಿಗಿಹಿಡಿಯುತ್ತಾರೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಮಕ್ಕಳೂ ಸಾಮಾನ್ಯ ಜನರೂ ತಮ್ಮ ಪಾಡಿಗೆ ತಾವು ಆಟದಲ್ಲಿ, ಕೆಲಸದಲ್ಲಿ ಇರುವುದನ್ನು ನೋಡಬಹುದು. ಅವರಿಗೆ 1977ರಲ್ಲಿ ಪದ್ಮಶ್ರೀ ಸಂದಿತು. ಆ ಚಿತ್ರಗಳನ್ನು ಗಮನವಿಟ್ಟು ನೋಡುವುದೇ ಒಂದು ಪಾಠ. ತಾತನವರಿಗೆ "ನಗು" ಎಂದು ಹೇಳಬೇಡಿ. "ತಾತಾ, ನಿಮ್ಮ ಕಾಲದಲ್ಲಿ ಹತ್ತಿಯ ಬಂಡಿ ಆದವಾನಿಗೆ ಹೇಗೆ ಹೊಡೆಯುತ್ತಿದ್ದಿರಿ?" ಎಂದು ಕೇಳಿರಿ. ಮಾತು ಹತ್ತಿ ಅವರು ಫೋನನ್ನು ಮರೆಯುವವರೆಗೆ ಕಾಯಿರಿ. ಒಂದಲ್ಲ, ಇಪ್ಪತ್ತು ಚಿತ್ರ ತೆಗೆಯಿರಿ; ಫಿಲಂ ಸುರುಳಿಯ ಕಾಲದ ಖರ್ಚು ಈಗಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ಫೋನು ಒಡೆದುಹೋದರೆ ಅದರಲ್ಲಿದ್ದ ಚಿತ್ರಗಳೂ ಹೋಗಬಹುದು. ಆರಿಸಿದ ಒಂದೆರಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಾರೀಖುಗಳನ್ನು ಕನ್ನಡದಲ್ಲಿ ಬರೆಯಿಸಿರಿ. ಒಂದು ಪ್ರತಿಯನ್ನು ಆ ಹಿರಿಯರ ಕೈಗೇ ಕೊಡಿರಿ.