ಹಿಮದ ಪದರಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಕ್ಕಳು ಬೇಸಗೆಯ ಮಳೆಯಲ್ಲಿ ಅಂಗಳಕ್ಕೆ ಬಿದ್ದ ಆಲಿಕಲ್ಲನ್ನು ಆಯ್ದು ಬಾಯಿಗೆ ಹಾಕಿಕೊಂಡವರು. ಹಿಮವನ್ನು ಕಂಡವರು ಅವರಲ್ಲಿ ವಿರಳ. ಆದರೂ ಹಿಮ ತಂದ ದುಃಖ ಈ ಸೀಮೆಗೆ ಅಪರಿಚಿತವಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿದ್ದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು ಹತ್ತು ಮಂದಿ ಯೋಧರನ್ನು ಮುಚ್ಚಿತು. ಅವರಲ್ಲಿ ಮೂವರು ಕನ್ನಡನಾಡಿನವರು: ಹಾಸನದ ಬಳಿಯ ತೇಜೂರಿನ ಸುಬೇದಾರ್ ನಾಗೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸಿಪಾಯಿ ಮಹೇಶ.

ಹಿಮ ಕುಸಿಯುವ ಬಗೆ ಹಲವು. ಸೋನಂನಲ್ಲಿ ಬಿದ್ದುದು ಗೋಡೆಯಂತೆ ನಿಂತಿದ್ದ ಹಿಮ. ಪರ್ವತಗಳಲ್ಲಿ ಸಂಚರಿಸುವವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಇಳಿಜಾರಿನಲ್ಲಿ ಪದರಪದರವಾಗಿ ಕುಳಿತ ಹಿಮ. ನೋಡುವ ಕಣ್ಣಿಗೆ ಅದು ಒಂದೇ ಬಿಳಿಯ ಹಾಸು. ಆದರೆ ಪ್ರತಿಯೊಂದು ಹಿಮಪಾತವೂ ಅದರಲ್ಲಿ ಬೇರೊಂದು ಪದರವನ್ನು ಹಾಸಿರುತ್ತದೆ. ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರ ಗಡುಸಾಗುತ್ತದೆ. ಮೇಲೆ ಕಡುಚಳಿ, ಕೆಳಗೆ ನೆಲದ ಬಿಸುಪು ಇದ್ದಲ್ಲಿ ಅಡಿಯ ಹಿಮ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಇಂತಹ ಸಡಿಲ ಪದರದ ಮೇಲೆ ಗಾಳಿ ಒಟ್ಟಿದ ಬಿಗಿಯಾದ ಹಿಮ ಕುಳಿತಿತೆಂದರೆ, ರಾಗಿ ಚೆಲ್ಲಿದ ಇಳಿಜಾರಿನ ಮೇಲೆ ಹಲಗೆಯನ್ನಿಟ್ಟಂತೆಯೇ ಸರಿ. ಒಬ್ಬನ ಹೆಜ್ಜೆಯ ಭಾರಕ್ಕೂ ಅದು ಬಿರಿದು ಜಾರಬಹುದು. 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ ಈ ಅಪಾಯ ಹೆಚ್ಚು.

ಆದುದರಿಂದಲೇ ಬಲ್ಲವರು ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುತ್ತಾರೆ. ಹೊಸ ಹಿಮ ಹೇರಳವಾಗಿ ಬಿದ್ದಿದ್ದರೆ, ಕಾಲಡಿಯಲ್ಲಿ ಧಿಮ್ಮೆಂಬ ಸದ್ದು ಕೇಳಿಸಿದರೆ, ಬಿರುಕು ಹರಿದರೆ ಹಿಂದಿರುಗುತ್ತಾರೆ. ಅಪಾಯದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟುತ್ತಾರೆ. ಸಂಕೇತ ಕಳುಹಿಸುವ ಯಂತ್ರ, ಹುಡುಕುವ ಉದ್ದನೆಯ ಕೋಲು, ಸಲಿಕೆ ಇವು ಪ್ರತಿಯೊಬ್ಬರ ಬಳಿಯೂ ಇರುತ್ತವೆ. ಹೂತುಹೋದವರನ್ನು ಕಾಲುಗಂಟೆಯೊಳಗೆ ಹೊರತೆಗೆದರೆ ಬಹುಮಂದಿ ಉಳಿಯುತ್ತಾರೆ. ಆಮೇಲೆ ಉಸಿರಿನೊಡನೆ ಆಸೆಯೂ ಬೇಗ ಕುಗ್ಗುತ್ತದೆ. ದೂರದ ನೆರವು ಬರುವ ಮುನ್ನ ಜೊತೆಗಾರನೇ ರಕ್ಷಕ.

ಸೋನಂನಲ್ಲಿ ಸೈನಿಕರು ಕಲ್ಲಿನಂತಹ ಹಿಮವನ್ನು ಹಗಲಿರುಳೂ ಕೊರೆದರು, ನಾಯಿಗಳೂ ಹುಡುಕಿದವು. ಫೆಬ್ರವರಿ 8ರ ರಾತ್ರಿ ಹನುಮಂತಪ್ಪ ಜೀವಂತವಾಗಿ ಸಿಕ್ಕಾಗ ದೇಶವೇ ಬೆರಗಾಯಿತು. ಉಳಿದ ಒಂಬತ್ತು ಮಂದಿ ಬದುಕಲಿಲ್ಲ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪನವರೂ ತೀರಿಕೊಂಡರು.

ಕಾವಲು ನಿಂತ ಯೋಧನಿಗೆ ಠಾಣೆಯನ್ನು ಬಿಟ್ಟು ಬರುವ ಸ್ವಾತಂತ್ರ್ಯವಿಲ್ಲ. ವಿಹಾರಕ್ಕೆಂದು ಹಿಮಾಲಯವನ್ನೇರುವವರಿಗೆ ಅದುಂಟು. ಹಿಮದ ಕುರುಹುಗಳನ್ನರಿತು ಸಕಾಲದಲ್ಲಿ ಹಿಂದಿರುಗುವುದು ಹೇಡಿತನವಲ್ಲ; ಜೊತೆಗಾರರ ಜೀವಕ್ಕೂ ಮನೆಯಲ್ಲಿ ದಾರಿ ಕಾಯುವವರಿಗೂ ಸಲ್ಲಿಸುವ ಗೌರವ.