ಆಫ್ರಿಕದ ಮೂವರು ತರುಣಿಯರು ಮತ್ತು ಸಾಮಾಜಿಕ ಜಾಲತಾಣ

ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಭೂಗೋಳದ ಪಾಠದೊಳಗೆ ಆಫ್ರಿಕಕ್ಕೆ ‘ಕಗ್ಗತ್ತಲೆಯ ಖಂಡ’ ಎಂಬ ವಿಶೇಷಣವು ತಪ್ಪದೆ ಬರುತ್ತಿದ್ದಿತು. ಹೆನ್ರಿ ಮಾರ್ಟನ್ ಸ್ಟಾನ್ಲಿ ಎಂಬ ಪ್ರವಾಸಿ ಪತ್ರಕರ್ತನು 1878ರಲ್ಲಿ ತನ್ನ ಗ್ರಂಥಕ್ಕೆ ಆ ಹೆಸರನ್ನಿಟ್ಟ ಮೇಲೆ ಅದು ಲೋಕದಲ್ಲೆಲ್ಲ ಹರಡಿತು. ಅದೇ ಪ್ರವಾಸದಲ್ಲಿ, 1875ರಲ್ಲಿ, ಅವನು ಇಂದಿನ ಯುಗಾಂಡಾ ದೇಶದೊಳಗಿರುವ ಬುಗಾಂಡ ರಾಜ್ಯದ ಅರಸ ಮುತೇಸನನ್ನು ಕಂಡು ಮಾತನಾಡಿದ್ದನು. ಅಲ್ಲಿ ಆಸ್ಥಾನವಿತ್ತು, ಸೈನ್ಯವಿತ್ತು, ವಿಕ್ಟೋರಿಯಾ ಸರೋವರದ ಮೇಲೆ ದೋಣಿಗಳ ಪಡೆಯೇ ಇದ್ದಿತು. ಕತ್ತಲೆ ಎಲ್ಲಿದ್ದಿತೆಂಬುದನ್ನು ವಾಚಕರೇ ತೀರ್ಮಾನಿಸಬಹುದು. 54 ದೇಶಗಳುಳ್ಳ ಒಂದು ಭೂಖಂಡವನ್ನು ಅನ್ಯರು ಬರೆದ ಒಂದು ಪದದಿಂದ ತಿಳಿದುಕೊಂಡೆವೆಂದು ನಾವು ಬಹುಕಾಲ ನಂಬಿದ್ದೆವು. ಈಗ ಆ ಖಂಡದ ತರುಣಿಯರು ತಮ್ಮ ಮಾತನ್ನು ತಾವೇ ಬರೆದು ಲೋಕದ ಮುಂದಿಡುತ್ತಿದ್ದಾರೆ. ಅದಕ್ಕೆ ಅವರಿಗೆ ಒದಗಿದ ಸಾಧನವು, ನಾವು ಮನೆಯಲ್ಲಿ ಮಕ್ಕಳ ಕೈಯಿಂದ ಕಿತ್ತಿಡಲು ಹೆಣಗುವ ಆ ಚಿಕ್ಕ ಯಂತ್ರವೇ ಆಗಿದೆ.

ಇವರಲ್ಲಿ ಮೊದಲು ಹೇಳಬೇಕಾದವಳು ವನೆಸ್ಸಾ ನಕಾಟೆ. 1996ರಲ್ಲಿ ಯುಗಾಂಡಾದ ರಾಜಧಾನಿ ಕಂಪಾಲಾದಲ್ಲಿ ಹುಟ್ಟಿದ ಈಕೆ ಮಕೆರೆರೆ ವಿಶ್ವವಿದ್ಯಾನಿಲಯದ ವಾಣಿಜ್ಯ ಶಾಲೆಯಲ್ಲಿ ವ್ಯವಹಾರಾಡಳಿತದ ಪದವಿಯನ್ನು ಪಡೆದಳು. ಪದವಿಯ ಬಳಿಕ ಉದ್ಯೋಗವನ್ನು ಹುಡುಕಬೇಕಾದ ವಯಸ್ಸಿನಲ್ಲಿ, ತನ್ನ ನಾಡಿನಲ್ಲಿ ಬಿಸಿಲು ಮಿತಿಮೀರುತ್ತಿರುವುದನ್ನೂ ಮಳೆ ಅಕಾಲದಲ್ಲಿ ಸುರಿದು ಬೆಳೆ ಕೊಚ್ಚಿಹೋಗುತ್ತಿರುವುದನ್ನೂ ಕಂಡು ಚಿಂತಿತಳಾದಳು. ಸ್ವೀಡನ್ನಿನ ಬಾಲಿಕೆ ಗ್ರೆಟಾ ಥನ್‌ಬರ್ಗಳ ಶಾಲಾ ಮುಷ್ಕರದ ಸುದ್ದಿ ಆಕೆಯನ್ನು ಪ್ರೇರಿಸಿತು. 2019ರ ಜನವರಿಯಲ್ಲಿ ಮೊದಲು ಒಡಹುಟ್ಟಿದವರೊಂದಿಗೆ ನಗರದ ಬೀದಿಗಳಲ್ಲಿ ಫಲಕ ಹಿಡಿದು ನಿಂತಳು. ಆಮೇಲೆ ಸಂಸತ್ ಭವನದ ಬಾಗಿಲ ಮುಂದೆ ಅನೇಕ ತಿಂಗಳುಗಳ ಕಾಲ ಬಹುಮಟ್ಟಿಗೆ ಒಬ್ಬಳೇ ನಿಂತಳು. ಹೆಣ್ಣುಮಗಳು ಹೀಗೆ ಬೀದಿಯಲ್ಲಿ ನಿಲ್ಲುವುದು ಸಲ್ಲದೆಂಬ ಮಾತು ಯಾವ ದೇಶದಲ್ಲಿ ತಾನೆ ಹುಟ್ಟುವುದಿಲ್ಲ? ದಾರಿಹೋಕರು ನೋಡಿ ಮುಂದೆ ಸಾಗುತ್ತಿದ್ದರು. ಆದರೆ ಆಕೆ ಪ್ರತಿಸಲವೂ ಒಂದು ಚಿತ್ರವನ್ನು ತೆಗೆದು ಜಾಲತಾಣದಲ್ಲಿ ಹಾಕುತ್ತಿದ್ದಳು. ಬೀದಿಯಲ್ಲಿ ದೊರೆಯದ ಶ್ರೋತೃಗಳು ಅಲ್ಲಿ ದೊರೆತರು.

2020ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸ್‌ನಲ್ಲಿ ಜಾಗತಿಕ ಆರ್ಥಿಕ ವೇದಿಕೆಯ ಸಭೆ ನಡೆಯಿತು. ಅಲ್ಲಿ ಐವರು ತರುಣಿಯರು ಹಿಮಾಚ್ಛಾದಿತ ಪರ್ವತಗಳ ಹಿನ್ನೆಲೆಯಲ್ಲಿ ಒಟ್ಟಿಗೆ ನಿಂತು ಚಿತ್ರ ತೆಗೆಸಿಕೊಂಡರು. ನಾಲ್ವರು ಯುರೋಪಿನವರು, ಅಂಚಿನಲ್ಲಿ ನಿಂತವಳು ನಕಾಟೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಹೆಸರಾಂತ ವಾರ್ತಾಸಂಸ್ಥೆಯು ಪ್ರಕಟಿಸಿದ ಚಿತ್ರದಲ್ಲಿ ನಾಲ್ವರೇ ಇದ್ದರು. ಆಕೆಯನ್ನು ಕತ್ತರಿಸಿ ತೆಗೆಯಲಾಗಿತ್ತು. ಹಿಂದಿದ್ದ ಕಟ್ಟಡವೊಂದು ಚಿತ್ರದ ಅಂದವನ್ನು ಕೆಡಿಸುತ್ತಿದ್ದುದರಿಂದ ಹಾಗೆ ಮಾಡಲಾಯಿತೆಂದು ಮೊದಲು ಸಮಾಧಾನ ಹೇಳಿದರು. ಮತ್ತೊಂದು ವಾರ್ತಾಸಂಸ್ಥೆ ಆಕೆಯನ್ನು ಜಾಂಬಿಯಾ ದೇಶದ ಬೇರೊಬ್ಬ ತರುಣಿಯೆಂದು ತಪ್ಪಾಗಿ ಹೆಸರಿಸಿತು.

ನಕಾಟೆ ಟ್ವಿಟರ್‌ನಲ್ಲಿ (2023ರಿಂದ ಅದರ ಹೆಸರು ಎಕ್ಸ್) ತನ್ನನ್ನು ಚಿತ್ರದಿಂದ ತೆಗೆದುದೇಕೆಂದು ಒಂದು ಸರಳ ಪ್ರಶ್ನೆಯನ್ನು ಕೇಳಿದಳು. ಬಳಿಕ ಕಣ್ಣೀರು ತುಂಬಿಕೊಂಡೇ ಮಾತನಾಡಿದ ಒಂದು ದೃಶ್ಯಮುದ್ರಿಕೆಯನ್ನು ಪ್ರಕಟಿಸಿ, ಅಳಿಸಿಹೋದದ್ದು ತನ್ನೊಬ್ಬಳ ಮುಖವಲ್ಲ, ಒಂದು ಖಂಡವೇ ಎಂಬರ್ಥದ ಮಾತನ್ನಾಡಿದಳು. ಸಂಸ್ಥೆಯು ಪೂರ್ಣಚಿತ್ರವನ್ನು ಪ್ರಕಟಿಸಿತು. ಅದರ ಕಾರ್ಯನಿರ್ವಾಹಕ ಸಂಪಾದಕಿ ಕ್ಷಮೆ ಕೋರಿದರು. ಹಿಂದಿನ ಕಾಲವಾಗಿದ್ದರೆ ಇಂತಹ ಅನ್ಯಾಯವನ್ನು ಸಂಪಾದಕರಿಗೆ ಪತ್ರ ಬರೆದು ತಿಳಿಸಬೇಕಿತ್ತು. ಪತ್ರ ಪ್ರಕಟವಾಗುವುದೂ ಬಿಡುವುದೂ ಆ ಸಂಪಾದಕರದೇ ಕೈಯಲ್ಲಿರುತ್ತಿತ್ತು. ಜಾಲತಾಣದ ಬಗೆಗೆ ನಾವು ಆಡುವ ದೂರುಗಳೆಲ್ಲ ನಿಜವಾಗಿದ್ದರೂ ಈ ಒಂದು ವ್ಯತ್ಯಾಸವನ್ನು ಅಲ್ಲಗಳೆಯಲಾಗದು. 2021ರಲ್ಲಿ ಆಕೆ ಬರೆದ ಪುಸ್ತಕಕ್ಕೆ ‘ಎ ಬಿಗ್ಗರ್ ಪಿಕ್ಚರ್’ ಎಂದು ಹೆಸರು. ‘ಇನ್ನೂ ದೊಡ್ಡ ಚಿತ್ರ’ ಎಂಬ ಆ ಮಾತಿನ ಮೊನೆ ಎತ್ತ ತಿರುಗಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಕೀರ್ತಿ ಬಂದ ಮೇಲೆ ಏನು ಮಾಡಿದಳೆಂಬುದೇ ಹೆಚ್ಚು ವಿಚಾರಾರ್ಹವಾದುದು. ಅಮೆಜಾನಿನ ಅನಂತರ ಲೋಕದಲ್ಲಿ ಅತಿದೊಡ್ಡದಾದ ಉಷ್ಣವಲಯದ ಮಳೆಕಾಡು ಕಾಂಗೋ ನದಿಯ ಜಲಾನಯನದಲ್ಲಿದೆ. ಅಮೆಜಾನಿನ ಬೆಂಕಿಗೆ ಮರುಗಿದ ಲೋಕ ಈ ಕಾಡನ್ನು ಮರೆತಿದೆಯೆಂದು ಆಕೆ ದಿನಗಟ್ಟಲೆ ಬರೆದಳು. ಯುಗಾಂಡಾದಿಂದ ತಾಂಜಾನಿಯಾದ ತಾಂಗಾ ಬಂದರಿನವರೆಗೆ 1,443 ಕಿಲೋಮೀಟರು ಉದ್ದದ ಕಚ್ಚಾತೈಲದ ಕೊಳವೆಮಾರ್ಗದ ಯೋಜನೆಯನ್ನು ವಿರೋಧಿಸಿದಳು. ಜಗತ್ತಿನ ಇಂಗಾಲಾನಿಲದಲ್ಲಿ ಆಫ್ರಿಕದ ಪಾಲು ಶೇಕಡಾ 4ರ ಆಸುಪಾಸು ಮಾತ್ರ. ಬರ ಮತ್ತು ನೆರೆಗಳ ಪಾಲು ಮಾತ್ರ ಆ ಲೆಕ್ಕದಂತೆ ಬರುವುದಿಲ್ಲ. ತೈಲದಿಂದ ಸಂಪತ್ತು ಬಂದೀತೆಂದು ಆಶಿಸುವ ಅಲ್ಲಿನ ಜನರೂ ಇದ್ದಾರೆ, ಅವರ ಆಶೆಯನ್ನು ಕೀಳೆನ್ನಲಾಗದು.

ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೂ ಅವಕ್ಕೆ ದಾನ ನೀಡುವವರಿಗೂ ವಿಶೇಷವಾಗಿ ರುಚಿಸಬಹುದಾದುದು ಆಕೆಯ ‘ವ್ಯಾಶ್ ಗ್ರೀನ್ ಸ್ಕೂಲ್ಸ್’ ಎಂಬ ಯೋಜನೆ. ಯುಗಾಂಡಾದ ಗ್ರಾಮಾಂತರ ಶಾಲೆಗಳಿಗೆ ಸೌರಫಲಕಗಳನ್ನೂ ಸುಧಾರಿತ ಒಲೆಗಳನ್ನೂ ಒದಗಿಸುವುದು ಅದರ ಕೆಲಸ. ಮೂರು ಕಲ್ಲುಗಳ ಬಯಲೊಲೆಯಲ್ಲಿ ಶಾಖದ ಬಹುಭಾಗ ಪಾತ್ರೆಗೆ ತಗಲದೆ ಗಾಳಿಗೆ ಹೋಗುತ್ತದೆ. ಉರಿಯನ್ನು ಇಟ್ಟಿಗೆಯ ಗೂಡಿನೊಳಗೆ ಮುಚ್ಚಿ, ಪಾತ್ರೆಯನ್ನು ಅದರೊಳಗೆ ಇಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಟ್ಟರೆ ಅದೇ ಅಡಿಗೆಗೆ ಬಹಳ ಕಡಿಮೆ ಸೌದೆ ಸಾಕಾಗುತ್ತದೆ. ಅಡಿಗೆಯವರ ಕಣ್ಣೂ ಎದೆಯೂ ಉಳಿಯುತ್ತವೆ. ನೂರಾರು ಮಕ್ಕಳಿಗೆ ದಿನವೂ ಉಣಬಡಿಸುವ ಪ್ರಸಾದ ನಿಲಯಗಳ ವ್ಯವಸ್ಥಾಪಕರಿಗೆ ಸೌದೆಯ ಲೆಕ್ಕವೆಂದರೇನೆಂದು ವಿವರಿಸಬೇಕಾದುದಿಲ್ಲ. ಲೋಕದ ತಾಪವನ್ನು ಕುರಿತ ದೊಡ್ಡ ಮಾತು ಹೀಗೆ ಶಾಲೆಯ ಅಡಿಗೆಮನೆಗೆ ಇಳಿದುಬಂದುದು ನನಗೆ ಆಕೆಯ ಎಲ್ಲ ಭಾಷಣಗಳಿಗಿಂತಲೂ ಮಿಗಿಲಾಗಿ ತೋರುತ್ತದೆ. 2022ರಲ್ಲಿ ಯುನಿಸೆಫ್ ಆಕೆಯನ್ನು ತನ್ನ ಸದ್ಭಾವನಾ ರಾಯಭಾರಿಯನ್ನಾಗಿ ನೇಮಿಸಿತು.

ಎರಡನೆಯವಳು ತಾಂಜಾನಿಯಾದ ರೆಬೆಕಾ ಗ್ಯುಮಿ. ಈಕೆ ನ್ಯಾಯಶಾಸ್ತ್ರವನ್ನು ಓದಿದವಳು; ಯುವಜನರಿಗಾಗಿ ನಡೆಯುತ್ತಿದ್ದ ದೂರದರ್ಶನ ಕಾರ್ಯಕ್ರಮದ ನಿರೂಪಕಿಯಾಗಿ ಮನೆಮಾತಾಗಿದ್ದವಳು. ಆ ದೇಶದ 1971ರ ವಿವಾಹ ಕಾನೂನಿನ ಪ್ರಕಾರ ಗಂಡಿಗೆ 18 ವರ್ಷ ತುಂಬಿರಬೇಕು. ಹೆಣ್ಣನ್ನಾದರೋ ತಂದೆತಾಯಿಯರ ಸಮ್ಮತಿಯಿದ್ದರೆ 15ಕ್ಕೆ, ನ್ಯಾಯಾಲಯದ ಅನುಮತಿಯಿದ್ದರೆ 14ಕ್ಕೇ ಮದುವೆ ಮಾಡಿಕೊಡಬಹುದು. ಈ ಕಾನೂನಿನ 13 ಮತ್ತು 17ನೆಯ ಕಲಮುಗಳು ಸಂವಿಧಾನಕ್ಕೆ ವಿರುದ್ಧವೆಂದು ಗ್ಯುಮಿ 2016ರಲ್ಲಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದಳು. ಆಗ ಆಕೆಗೆ 30 ವರ್ಷ ತುಂಬಿರಲಿಲ್ಲ. ಆ ವರ್ಷದ ಜುಲೈಯಲ್ಲಿ ತೀರ್ಪು ಆಕೆಯ ಪರವಾಗಿ ಬಂದಿತು. ಒಂದು ವರ್ಷದೊಳಗೆ ಕಾನೂನನ್ನು ತಿದ್ದಬೇಕೆಂದು ನ್ಯಾಯಾಲಯ ವಿಧಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ರೂಢಿಯನ್ನೂ ಮತಾಚಾರವನ್ನೂ ಮುಂದಿಟ್ಟು ವಾದಗಳು ನಡೆದವು. 2019ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಮೊದಲಿನ ತೀರ್ಪನ್ನೇ ಎತ್ತಿಹಿಡಿಯಿತು. ಈ ನಡುವೆ, 2018ರಲ್ಲಿ, ಆಕೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ದೊರೆತಿತ್ತು.

ಆಕೆ ಸ್ಥಾಪಿಸಿದ ಸಂಸ್ಥೆಯ ಹೆಸರು ‘ಮ್ಸಿಚಾನ ಇನಿಷಿಯೇಟಿವ್’. ಸ್ವಾಹಿಲಿ ಭಾಷೆಯಲ್ಲಿ ಮ್ಸಿಚಾನ ಎಂದರೆ ಹುಡುಗಿ, ಅಷ್ಟೇ. ಜಾಲತಾಣದಲ್ಲಿ ಆಕೆ ಆ ದೇಶದ ಜನಸಾಮಾನ್ಯರ ನುಡಿಯಲ್ಲಿಯೂ ಬರೆಯುತ್ತಾಳೆ. ನಕಾಟೆಯ ಶ್ರೋತೃಗಳು ಲೋಕದೆಲ್ಲೆಡೆ ಹರಡಿದ್ದರೆ, ಗ್ಯುಮಿ ಮುಟ್ಟಬಯಸುವುದು ಮಗಳ ಶಾಲೆಯನ್ನು ಬಿಡಿಸಲಿರುವ ಒಬ್ಬ ತಂದೆಯನ್ನು. ಎರಡನೆಯದು ಕಷ್ಟತರವೆಂದು ನನ್ನ ಎಣಿಕೆ. ಅದಕ್ಕೆ ಚಪ್ಪಾಳೆಯೂ ಕಡಿಮೆ.

ಮೂರನೆಯವಳಾದ ಕೆನ್ಯಾದ ಎಲಿಜಬೆತ್ ವಾತೂತಿಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1977ರಲ್ಲಿ ಹಸಿರುಪಟ್ಟಿ ಚಳವಳಿಯನ್ನು ಆರಂಭಿಸಿ 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ವಂಗಾರಿ ಮಾಥಾಯ್ ಅವರದೇ ನ್ಯೇರಿ ಸೀಮೆಯವಳು ಈಕೆ. 2016ರಲ್ಲಿ ತಾನೇ ಒಂದು ಸಂಘವನ್ನು ಕಟ್ಟಿ, ಶಾಲೆಗಳ ಅಂಗಳದಲ್ಲಿ ಮಕ್ಕಳ ಕೈಯಿಂದ ಹಣ್ಣಿನ ಗಿಡಗಳನ್ನು ನೆಡಿಸತೊಡಗಿದಳು. ನೆಟ್ಟ ಮಗುವೇ ಮುಂದೆ ಹಣ್ಣನ್ನು ತಿನ್ನುವುದರಿಂದ ಆ ಗಿಡಕ್ಕೆ ನೀರೆರೆಯುವವರಿಗೆ ಬರವಿರುವುದಿಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ ರಾಷ್ಟ್ರನಾಯಕರ ಮುಂದೆ ನಿಂತಾಗ ಆಕೆ ಬರದಿಂದ ಹಸಿದ ತನ್ನ ನಾಡಿನ ಜನರನ್ನು ಕುರಿತು ಹೇಳಿ, ಮಾತಿನ ನಡುವೆ ಕೆಲವು ಕ್ಷಣ ಮೌನವನ್ನು ಬೇಡಿದಳು. ಸಭೆ ಮೌನವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಈ ಮಾಧ್ಯಮವು ಎಷ್ಟು ದುರ್ಬಲವಾದುದೆಂಬುದನ್ನೂ ಹೇಳಬೇಕು. 2018ರ ಜುಲೈಯಿಂದ ಯುಗಾಂಡಾದ ಸರ್ಕಾರ ಜಾಲತಾಣಗಳ ಬಳಕೆಗೆ ದಿನಕ್ಕೆ 200 ಷಿಲಿಂಗ್ ತೆರಿಗೆ ವಿಧಿಸಿತು. ನಕಾಟೆ ಸಂಸತ್ತಿನ ಬಾಗಿಲಲ್ಲಿ ನಿಂತು ಚಿತ್ರಗಳನ್ನು ಹಾಕಿದುದು ಈ ತೆರಿಗೆಯ ಕಾಲದಲ್ಲಿಯೇ. 2021ರ ಜನವರಿಯ ಚುನಾವಣೆಯ ಹೊತ್ತಿಗೆ ಆ ದೇಶದಲ್ಲಿ ಅಂತರ್ಜಾಲವನ್ನೇ ಕೆಲವು ದಿನ ನಿಲ್ಲಿಸಲಾಯಿತು. ಅದೇ ವರ್ಷದ ಜೂನಿನಿಂದ 2022ರ ಜನವರಿಯವರೆಗೆ ನೈಜೀರಿಯಾ ಸರ್ಕಾರ ಟ್ವಿಟರ್ ಅನ್ನು ತಡೆದಿಟ್ಟಿತು. ಸಾವಿರಾರು ಜನ ಹಿಂಬಾಲಕರಿದ್ದರೂ ಒಂದು ಆಜ್ಞೆಯಿಂದ ಬಾಯಿ ಮುಚ್ಚಿಹೋಗಬಹುದು.

ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ಆಫ್ರಿಕದ ಪಾಠ ಬಂದಾಗ ಈ ಮೂವರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ಭೂಪಟದಲ್ಲಿ ಕಂಪಾಲಾ, ದೋದೋಮಾ, ನ್ಯೇರಿಗಳನ್ನು ವಿದ್ಯಾರ್ಥಿಗಳಿಂದಲೇ ಗುರುತಿಸಿಸಬಹುದು. ದಾವೋಸಿನ ಎರಡು ಚಿತ್ರಗಳು, ನಾಲ್ವರದು ಮತ್ತು ಐವರದು, ಹುಡುಕಿದರೆ ಸುಲಭವಾಗಿ ಸಿಗುತ್ತವೆ. ಮೊದಲನೆಯದನ್ನು ಮುಂದಿಟ್ಟು ಇಲ್ಲಿ ಯಾರಿಲ್ಲವೆಂದು ಕೇಳಿ, ಮಕ್ಕಳು ಉತ್ತರ ಹುಡುಕುವಷ್ಟು ಹೊತ್ತು ಕಾದು, ಎರಡನೆಯದನ್ನು ಆಮೇಲೆ ತೋರಿಸಬೇಕು.