ಹಾಸಿಗೆಯ ದರವಷ್ಟೇ ಅಲ್ಲ, ಕೈಗಳ ಲೆಕ್ಕವನ್ನೂ ಕೇಳಿ

ಅಮ್ಮನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯ ಬಿಲ್ಲಿನ ಬಹುಪಾಲನ್ನು ಆರೋಗ್ಯ ವಿಮೆ ನೋಡಿಕೊಂಡಿತು. ಐಸಿಯು, ಸ್ಕ್ಯಾನ್, ಔಷಧಿ ಎಲ್ಲ ಕ್ಯಾಶ್‌ಲೆಸ್. ನಮ್ಮ ಕೈಯಿಂದ ಹಣ ಹೋಗಲು ಶುರುವಾದದ್ದು ಡಿಸ್ಚಾರ್ಜ್ ಆದ ಮೇಲೆ. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ಮಾತು ನಿಂತಿತ್ತು. ಊಟವೆಲ್ಲ ಮೂಗಿಗೆ ಹಾಕಿದ ರೈಲ್ಸ್ ಟ್ಯೂಬಿನಲ್ಲೇ. ‘ಇಲ್ಲಿ ಮಾಡಬೇಕಾದದ್ದು ಮುಗಿಯಿತು, ಇನ್ನು ತಡಮಾಡದೆ ರಿಹ್ಯಾಬ್‌ಗೆ ಸೇರಿಸಿ’ ಎಂದರು ಡಾಕ್ಟರು. ಯಾವ ಕೇಂದ್ರ, ಎಷ್ಟು ದಿನ, ಎಷ್ಟು ಹಣ ಎಂಬುದನ್ನು ನಾನೂ ನನ್ನ ತಮ್ಮನೂ ಆ ವಾರದೊಳಗೇ ತೀರ್ಮಾನಿಸಬೇಕಿತ್ತು.

ಆ ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಇಂಥ ಕೇಂದ್ರದಲ್ಲಿ ನಾವು ಹಣ ಕೊಡುವುದು ಕೋಣೆಗಲ್ಲ, ಜನರಿಗೆ. ಎಬ್ಬಿಸಿ ಕೂರಿಸುವ, ಮಗ್ಗುಲು ಬದಲಿಸುವ, ಹೆಜ್ಜೆ ಹಾಕಿಸುವ, ಮಾತು ಆಡಿಸುವ ಕೈಗಳು ಎಷ್ಟಿವೆ, ದಿನಕ್ಕೆ ಎಷ್ಟು ಹೊತ್ತು ನಮ್ಮವರ ಬಳಿ ಇರುತ್ತವೆ ಎಂಬುದೇ ದರದ ನಿಜವಾದ ಅಳತೆ.

ವಿಮೆ ಎಲ್ಲಿಯವರೆಗೆ?

ಮೊದಲು ಪಾಲಿಸಿಯ ಪುಸ್ತಕ ತೆಗೆದು ‘ಹೊರಗಿಟ್ಟ ವಿಷಯಗಳು’ ಎಂಬ ಭಾಗ ಓದಿ. ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡಿದ ಪ್ರಮಾಣಿತ ಪಟ್ಟಿಯಲ್ಲಿ 05 ಸಂಖ್ಯೆಯ ಅಂಶವೊಂದಿದೆ. ಚಿಕಿತ್ಸೆಗಲ್ಲದೆ ಮುಖ್ಯವಾಗಿ ವಿಶ್ರಾಂತಿಗಾಗಿ ದಾಖಲಾದರೆ, ಸ್ನಾನ ಮಾಡಿಸಲು, ಬಟ್ಟೆ ಹಾಕಲು, ಓಡಾಡಿಸಲು ನರ್ಸ್ ಅಥವಾ ಸಹಾಯಕರನ್ನು ಇಟ್ಟುಕೊಂಡರೆ, ಆ ಖರ್ಚು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು ಹೇಳುತ್ತದೆ. ಮನೆಯಲ್ಲಾದರೂ ಅಷ್ಟೆ, ಆರೈಕೆ ಕೇಂದ್ರದಲ್ಲಾದರೂ ಅಷ್ಟೆ. ವಿಮೆಯ ಪ್ರಕಾರ ‘ಆಸ್ಪತ್ರೆ’ ಅನ್ನಿಸಿಕೊಳ್ಳಲು ಕನಿಷ್ಠ ಹಾಸಿಗೆಗಳು, ಹಗಲೂ ರಾತ್ರಿ ಡಾಕ್ಟರು ಮತ್ತು ನರ್ಸ್, ಶಸ್ತ್ರಚಿಕಿತ್ಸಾ ಕೊಠಡಿ ಇವೆಲ್ಲ ಇರಬೇಕು. ಬಹಳಷ್ಟು ರಿಹ್ಯಾಬ್ ಕೇಂದ್ರಗಳಲ್ಲಿ ಆಪರೇಷನ್ ಥಿಯೇಟರ್ ಇರುವುದಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಡಿಸ್ಚಾರ್ಜ್ ನಂತರದ ಕೆಲವು ದಿನಗಳ ಖರ್ಚನ್ನು ಪಾಲಿಸಿಗಳು ಭರಿಸುತ್ತವೆ. ನಮ್ಮದರಲ್ಲಿ ಆ ಅವಧಿ 60 ದಿನ. ಅದೇ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಫಿಸಿಯೋಥೆರಪಿ, ಔಷಧಿ, ಪರೀಕ್ಷೆಗಳಿಗೆ ಹಲವು ಪಾಲಿಸಿಗಳಲ್ಲಿ ಹಣ ಸಿಗುತ್ತದೆ. ಅದಕ್ಕಾಗಿ ಎರಡು ಕೆಲಸ ಮಾಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಫಿಸಿಯೋಥೆರಪಿ ಮತ್ತು ಸ್ಪೀಚ್ ಥೆರಪಿ ಬೇಕೆಂದು, ದಿನಕ್ಕೆ ಎಷ್ಟು ಬಾರಿ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಕೇಂದ್ರದವರಿಂದ ಒಟ್ಟು ಮೊತ್ತದ ಒಂದೇ ರಸೀದಿ ತೆಗೆದುಕೊಳ್ಳದೆ ಹಾಸಿಗೆ, ಥೆರಪಿ, ಔಷಧಿಗೆ ಬೇರೆ ಬೇರೆ ಬಿಲ್ ಕೇಳಿ. ಒಟ್ಟು ಮೊತ್ತದ ರಸೀದಿಯಲ್ಲಿ ಥೆರಪಿಯ ಹಣ ಎಷ್ಟೆಂದು ತೋರಿಸಲಾಗದು, ಸಿಗಬೇಕಾದದ್ದೂ ಕೈತಪ್ಪುತ್ತದೆ.

ದಿನಕ್ಕೆ ಇಷ್ಟು ಅಂದರೆ ಏನೇನು?

ನಾವು ವಿಚಾರಿಸಿದ ಎರಡು ಕೇಂದ್ರಗಳ ದರವನ್ನು ದುಂಡಗಿನ ಅಂಕಿಗಳಲ್ಲಿ ಇಡುತ್ತೇನೆ. ಮೊದಲನೆಯವರು ದಿನಕ್ಕೆ ₹2,500 ಅಂದರು. ಎರಡನೆಯವರು ₹5,200. ಕೇಳಿದ ತಕ್ಷಣ ತಮ್ಮ, ‘ಅಕ್ಕಾ, ಎರಡರಷ್ಟಿಗಿಂತ ಜಾಸ್ತಿ ಆಯ್ತಲ್ಲ’ ಅಂದ. ಆಮೇಲೆ ಇಬ್ಬರೂ ಕೂತು ಏನೇನು ಸೇರಿದೆ ಎಂದು ಪಟ್ಟಿ ಮಾಡಿದೆವು.

ಮೊದಲನೆಯ ಕಡೆ ₹2,500 ಹಾಸಿಗೆ ಮತ್ತು ಊಟಕ್ಕೆ ಮಾತ್ರ. ದಿನಕ್ಕೆ ಎರಡು ಬಾರಿ ಫಿಸಿಯೋಥೆರಪಿ ₹1,600, ಸ್ಪೀಚ್ ಥೆರಪಿ ₹900, ರಾತ್ರಿ ಪಕ್ಕದಲ್ಲಿರುವ ಆಯಾಗೆ ₹1,000, ಡೈಪರ್, ಅಂಡರ್‌ಪ್ಯಾಡ್, ಗ್ಲೌಸ್‌ಗೆ ಸುಮಾರು ₹400. ಒಟ್ಟು ₹6,400, ತಿಂಗಳಿಗೆ ₹1,92,000. ಎರಡನೆಯ ಕಡೆ ಥೆರಪಿಗಳೂ ರಾತ್ರಿಯ ಆರೈಕೆಯೂ ದರದಲ್ಲೇ ಸೇರಿದ್ದವು. ಡೈಪರ್ ಇತ್ಯಾದಿ ₹400 ಮಾತ್ರ ಬೇರೆ. ಒಟ್ಟು ₹5,600, ತಿಂಗಳಿಗೆ ₹1,68,000. ಅಗ್ಗ ಎಂದುಕೊಂಡದ್ದು ತಿಂಗಳಿಗೆ ₹24,000 ದುಬಾರಿಯಾಗಿತ್ತು.

ಆದ್ದರಿಂದ ದಿನದ ದರ ಕೇಳಿ ಸುಮ್ಮನಾಗಬೇಡಿ. ‘ನಮ್ಮ ಪೇಷೆಂಟ್ ಸ್ಥಿತಿ ಇದು, 30 ದಿನಕ್ಕೆ ಎಲ್ಲ ಸೇರಿ ಎಷ್ಟಾಗುತ್ತದೆ, ಬರೆದು ಕೊಡಿ’ ಎನ್ನಿ. ಡಾಕ್ಟರ ಭೇಟಿಗೆ ಬೇರೆ ಶುಲ್ಕವೇ? ಏರ್ ಬೆಡ್‌ಗೆ ಬಾಡಿಗೆ ಉಂಟೇ? ಔಷಧಿಯನ್ನು ಹೊರಗಿನಿಂದ ತಂದುಕೊಡಬಹುದೇ? ಜಿಎಸ್‌ಟಿ ಸೇರಿದೆಯೇ? ಅಡ್ವಾನ್ಸ್ ಎಷ್ಟು, ತಿಂಗಳ ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಎಷ್ಟು ದಿನದಲ್ಲಿ? ಆರೋಗ್ಯ ಕೆಟ್ಟು ಮತ್ತೆ ಆಸ್ಪತ್ರೆಗೆ ಸೇರಿಸಬೇಕಾದರೆ ಆ ದಿನಗಳಿಗೂ ಇಲ್ಲಿ ಬಾಡಿಗೆ ಓಡುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಒಂದೊಂದು ಕೇಂದ್ರದಲ್ಲಿ ಒಂದೊಂದು ಉತ್ತರ ಸಿಕ್ಕಿತು.

ನಮ್ಮ ರಾಜ್ಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನರ್ಸಿಂಗ್ ಹೋಮ್‌ಗಳಷ್ಟೇ ಅಲ್ಲ, ಫಿಸಿಯೋಥೆರಪಿ ಕೇಂದ್ರಗಳೂ ನೋಂದಣಿ ಮಾಡಿಸಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಜನ ಕೆಪಿಎಂಇ ಎಂದು ಕರೆಯುವುದು ಇದನ್ನೇ. ಆ ಪ್ರಮಾಣಪತ್ರ ಕೇಳಿ ನೋಡಿ. ವೃದ್ಧಾಶ್ರಮವಾಗಿ ನಡೆಯುತ್ತಿರುವ ಕಡೆ ಫಲಕದಲ್ಲಿ ‘ರಿಹ್ಯಾಬ್’ ಎಂದು ಸೇರಿಸಿರುವುದೂ ಉಂಟು. ಅಂಥಲ್ಲಿ ಊಟ, ವಸತಿ ಚೆನ್ನಾಗಿರಬಹುದು. ಲಕ್ವ ಹೊಡೆದವರನ್ನು ನಡೆಸುವುದು ಬೇರೆಯದೇ ವಿದ್ಯೆ.

ಭಾನುವಾರ ಸಂಜೆ ಹೋಗಿ ನೋಡಿ

ಮೊದಲ ಸಲ ಅವರು ಕರೆದ ಹೊತ್ತಿಗೆ ಹೋಗಿ. ಎರಡನೆಯ ಸಲ ಹೇಳದೆ, ಭಾನುವಾರ ಸಂಜೆ ಏಳರ ಮೇಲೆ ಹೋಗಿ. ಮ್ಯಾನೇಜರ್ ಇಲ್ಲದ, ಸಿಬ್ಬಂದಿ ಕಡಿಮೆಯಿರುವ ಆ ಹೊತ್ತಿನಲ್ಲಿ ಹೇಗಿದೆಯೋ, ನಮ್ಮವರ ರಾತ್ರಿಗಳೆಲ್ಲ ಹಾಗೇ ಇರುತ್ತವೆ. ರಾತ್ರಿ ಪಾಳಿಯಲ್ಲಿ ಎಷ್ಟು ಪೇಷೆಂಟ್‌ಗಳಿಗೆ ಒಬ್ಬ ಸಿಸ್ಟರ್, ಎಷ್ಟು ಜನಕ್ಕೆ ಒಬ್ಬ ಆಯಾ ಎಂದು ಕೇಳಿ. ಸಿಸ್ಟರ್ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೇ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ ಎಂದೂ ಕೇಳಿ. ಇದನ್ನು ಕೇಳಲು ಸಂಕೋಚ ಬೇಡ.

ಹಾಸಿಗೆ ಹಿಡಿದವರ ಬಳಿ ಮಗ್ಗುಲು ಬದಲಿಸಿದ ಚಾರ್ಟ್ ಇದೆಯೇ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ರೂಢಿಯ ನಿಯಮ. ತಿರುಗಿಸದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಹುಣ್ಣು ಆಳವಾದರೆ ಡ್ರೆಸ್ಸಿಂಗ್, ಆ್ಯಂಟಿಬಯಾಟಿಕ್, ಕೆಲವೊಮ್ಮೆ ಆಪರೇಷನ್. ನೋವು ಅವರದು, ಬಿಲ್ಲು ನಮ್ಮದು. ಟ್ಯೂಬಿನಲ್ಲಿ ಊಟ ಕೊಡುವಾಗ ತಲೆಯ ಭಾಗ ಎತ್ತಿಟ್ಟಿದ್ದಾರೆಯೇ ನೋಡಿ. ಅಂಗಾತ ಮಲಗಿಸಿ ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಟ್ಯೂಬ್ ಕಿತ್ತುಕೊಳ್ಳದಂತೆ ಕೈ ಕಟ್ಟುತ್ತೀರಾ ಎಂದು ನೇರವಾಗಿ ಕೇಳಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಷ್ಟು ಜನ ಎದ್ದು ಕುರ್ಚಿಯಲ್ಲಿ ಕೂತಿದ್ದಾರೆ ಎಂಬುದನ್ನು ಗಮನಿಸಿ. ಎಲ್ಲರೂ ಮಲಗಿಯೇ ಇದ್ದರೆ ಅಲ್ಲಿ ಮಲಗಿಸಲು ದುಡ್ಡು ಕೊಟ್ಟಂತೆ.

ನಮಗೆ ಇನ್ನೊಂದು ಅಗತ್ಯವಿತ್ತು. ಅಮ್ಮ ತಿಪಟೂರಿನವರು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಹೋದ ಮಾತು ಮರಳಬೇಕಾದರೆ ಆಡಿ ಬೆಳೆದ ಭಾಷೆಯಲ್ಲೇ ಅಭ್ಯಾಸವಾಗಬೇಕು. ಬೆಂಗಳೂರಿನ ಕೆಲವು ಕೇಂದ್ರಗಳಲ್ಲಿ ಅಟೆಂಡರುಗಳೆಲ್ಲ ಹೊರರಾಜ್ಯದವರು. ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ, ಆದರೆ ‘ನೀರು ಬೇಕಾ’ ಎಂದು ಕನ್ನಡದಲ್ಲಿ ಕೇಳುವವರು ಪಾಳಿಗೊಬ್ಬರಾದರೂ ಇರಬೇಕು. ನಾವು ಸೇರಿಸಿದ ಕಡೆ ಹಾಸನದ ಕಡೆಯ ಆಯಾ ಒಬ್ಬರು ಹಗಲಿಡೀ ಅಮ್ಮನನ್ನು ಮಾತಾಡಿಸುತ್ತಿದ್ದರು. ಟ್ಯೂಬ್ ತೆಗೆದ ಮೇಲೆ ಮೆತ್ತಗೆ ಮಾಡಿದ ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಸಿದವರೂ ಅವರೇ.

ಗುರಿ ಬರೆದಿರಲಿ, ನಿಲ್ಲಿಸುವ ದಿನವೂ ಬರೆದಿರಲಿ

ಲಕ್ವದ ನಂತರದ ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಸಾಮಾನ್ಯವಾಗಿ ಹೆಚ್ಚು. ಆಮೇಲೂ ಸುಧಾರಣೆ ಆಗುತ್ತದೆ, ನಿಧಾನವಾಗಿ. ಹಾಗಾಗಿ ಇರುವ ಹಣವನ್ನು ವರ್ಷವಿಡೀ ಸಮನಾಗಿ ಹಂಚುವುದಕ್ಕಿಂತ ಆರಂಭದ ವಾರಗಳಲ್ಲಿ ಹೆಚ್ಚು ಹಾಕುವುದು ಸರಿ. ಬಿತ್ತನೆಯ ಹದ ಇರುವಾಗಲೇ ಬಿತ್ತುವ ಹಾಗೆ.

ಆದರೆ ಎಲ್ಲಿಯವರೆಗೆ? ಇದಕ್ಕೊಂದು ಅಳತೆ ಬೇಕು. ಬಾರ್ಥೆಲ್ ಸೂಚ್ಯಂಕ ಎಂಬುದೊಂದಿದೆ. ಊಟ, ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ನಡಿಗೆ, ಮೆಟ್ಟಿಲು ಹೀಗೆ 10 ದಿನನಿತ್ಯದ ಕೆಲಸಗಳಿಗೆ ಅಂಕ ಕೊಟ್ಟು 0ಯಿಂದ 100ರವರೆಗೆ ಲೆಕ್ಕ ಹಾಕುತ್ತಾರೆ. ಸೇರಿಸಿದ ದಿನವೇ ಇದನ್ನು ಬರೆಸಿ, ಎರಡು ವಾರಕ್ಕೊಮ್ಮೆ ಮತ್ತೆ ಕೇಳಿ. ಜೊತೆಗೆ ಮನೆಮಾತಿನಲ್ಲಿ ಒಂದು ಗುರಿ ಇರಲಿ. ನಮ್ಮ ಗುರಿ ಇದಾಗಿತ್ತು: ಒಬ್ಬರ ಆಸರೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹೋಗಿಬರುವುದು, ಎಡಗೈಯಲ್ಲಿ ತಾನೇ ಊಟ ಮಾಡುವುದು. ಇವೆರಡು ಆದ ಮೇಲೆ ಮನೆಗೆ ಎಂದು ಮೊದಲೇ ತೀರ್ಮಾನಿಸಿದೆವು. ಅಂಕ ಏರುತ್ತಿರುವಷ್ಟು ದಿನ ಕೇಂದ್ರದ ಖರ್ಚು ಸಾರ್ಥಕ. ಸತತ ಎರಡು ಸಲ ಅಂಕ ಅಲ್ಲೇ ನಿಂತರೆ ಥೆರಪಿಸ್ಟ್ ಮತ್ತು ಡಾಕ್ಟರ ಜೊತೆ ಕೂತು ಮಾತಾಡಿ. ಆ ಹಣವನ್ನು ಕಮೋಡ್ ಕುರ್ಚಿ, ಬಚ್ಚಲಿನ ಹಿಡಿಕೆ, ಬಾಗಿಲಿನ ಇಳಿಜಾರು, ಮನೆಗೆ ಬರುವ ಫಿಸಿಯೋಗೆ ತಿರುಗಿಸುವ ಕಾಲ ಬಂದಿರಬಹುದು. ಮನೆಗೆ ಕರೆದೊಯ್ಯುವ ಮುನ್ನ ಎತ್ತುವುದು, ಕೂರಿಸುವುದು, ಉಣಿಸುವುದು ಹೇಗೆಂದು ನಿಮಗೂ ಕಲಿಸಿಕೊಡಲು ಹೇಳಿ.

ಖಾಸಗಿ ದರ ಕೈಗೆಟುಕದವರು ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗವನ್ನು, ಮಾತಿನ ಚಿಕಿತ್ಸೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮೊದಲು ವಿಚಾರಿಸಬೇಕು. ಕಾಯಬೇಕಾಗಬಹುದು, ಆದರೆ ಅನುಭವಿ ಕೈಗಳು ಅಲ್ಲಿವೆ. ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲೂ ಮಾಹಿತಿ ಕೇಳಬಹುದು.

ತೆರಿಗೆ, ಸಹಿ, ಮನೆಯವರ ದುಡಿಮೆ

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕೆಲವು ವಿನಾಯಿತಿಗಳಿವೆ. ಅವಲಂಬಿತ ತಂದೆ ತಾಯಿಗೆ 40%ಗಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಸಿಕ್ಕರೆ 80ಡಿಡಿ ಅಡಿ ₹75,000, ವೈಕಲ್ಯ 80% ಅಥವಾ ಅದಕ್ಕಿಂತ ಹೆಚ್ಚಿದ್ದರೆ ₹1,25,000 ಕಡಿತ. ಖರ್ಚು ಎಷ್ಟೇ ಇರಲಿ, ಮೊತ್ತ ಅಷ್ಟೇ. ಲಕ್ವ 80ಡಿಡಿಬಿ ಪಟ್ಟಿಯಲ್ಲಿಲ್ಲ. ಆದರೆ ಮೆದುಳಿಗೆ ಪೆಟ್ಟಾಗಿ ಮಾತು ಹೋಗುವ ಅಫೇಸಿಯಾ, ಡಿಮೆನ್ಷಿಯಾ, ಪಾರ್ಕಿನ್ಸನ್ 40% ವೈಕಲ್ಯ ಮುಟ್ಟಿದರೆ ಅದರಲ್ಲಿವೆ. ಹಿರಿಯರ ಚಿಕಿತ್ಸೆಗೆ ₹1 ಲಕ್ಷದವರೆಗೆ ಕಡಿತ. ವಿಮೆಯಿಂದ ಬಂದದ್ದನ್ನು ಕಳೆಯಬೇಕು. ವಿಮೆಯೇ ಇಲ್ಲದ ಹಿರಿಯರ ಚಿಕಿತ್ಸೆಗೆ ಖರ್ಚು ಮಾಡಿದರೆ 80ಡಿ ಅಡಿ ₹50,000ದವರೆಗೆ, ನಗದಲ್ಲಿ ಕೊಟ್ಟಿರಬಾರದು. ಇವು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆಗಳು ಬೇರೆ.

ಬಲಗೈ ಆಡದಿದ್ದಾಗ ಅಮ್ಮನ ಪಿಂಚಣಿ ಖಾತೆಯಿಂದ ಹಣ ತೆಗೆಯುವುದೂ ಕಷ್ಟವಾಯಿತು. ಸಹಿ ಮಾಡಲಾಗದ ಹಿರಿಯರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಇದನ್ನು ತಿಳಿದು ಹೋದರೆ ಬ್ಯಾಂಕಿನಲ್ಲಿ ಅಲೆದಾಟ ತಪ್ಪುತ್ತದೆ.

ಇನ್ನು ಮನೆಯ ಲೆಕ್ಕ. ‘ಮನೆಗೇ ಕರ್ಕೊಂಡು ಬನ್ನಿ, ಸುಮ್ಮನೆ ಯಾಕೆ ದುಡ್ಡು ಸುರೀತೀರಿ, ನಾಲ್ಕು ಜನ ಏನಂದಾರು’ ಎಂದು ನೆಂಟರು ಹೇಳುತ್ತಾರೆ. ಮನೆಯ ಆರೈಕೆಗೂ ಬೆಲೆಯಿದೆ. ಮಗಳೋ ಸೊಸೆಯೋ ಕೆಲಸ ಬಿಟ್ಟರೆ ಸಂಬಳ, ಪಿಎಫ್, ಮುಂದಿನ ಬಡ್ತಿ ಎಲ್ಲವೂ ಹೋಗುತ್ತವೆ. ಅದನ್ನೂ ಖರ್ಚಿನ ಕಾಲಂನಲ್ಲಿ ಬರೆಯಿರಿ. ತರಬೇತಿ ಪಡೆದವರ ಕೈಗೆ ಕೆಲವು ವಾರ ಒಪ್ಪಿಸುವುದು ಹೆತ್ತವರನ್ನು ದೂರ ಮಾಡಿದಂತಲ್ಲ. ಅವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲಲು ನಾವು ಕೊಡಬಹುದಾದ ಒಳ್ಳೆಯ ಅವಕಾಶ ಅದು. ಒಡಹುಟ್ಟಿದವರಲ್ಲಿ ಯಾರು ಹಣ ಕೊಡುತ್ತಾರೆ, ಯಾರು ಸಮಯ ಕೊಡುತ್ತಾರೆ ಎಂಬುದನ್ನು ಸೇರಿಸುವ ಮೊದಲೇ ಮಾತಾಡಿಕೊಳ್ಳಿ. ಎರಡಕ್ಕೂ ಸಮಾನ ಗೌರವವಿರಲಿ.

ಜೀವ ಉಳಿಸಲು ಲಕ್ಷಗಟ್ಟಲೆ ಕೊಡುವ ವಿಮೆ, ಉಳಿದ ಜೀವ ಎದ್ದು ನಡೆಯುವುದನ್ನೂ ಚಿಕಿತ್ಸೆ ಎಂದೇ ಒಪ್ಪಬೇಕು. ಈ ಬೇಡಿಕೆಯನ್ನು ನಾವೆಲ್ಲ ಗಟ್ಟಿಯಾಗಿ ಇಡಬೇಕು. ಅದು ಆಗುವವರೆಗೆ, ಮನೆಯಲ್ಲಿ 60 ದಾಟಿದವರಿದ್ದರೆ ವಿಮೆಯ ಜೊತೆಗೆ ಒಂದು ಚೇತರಿಕೆ ನಿಧಿಯನ್ನೂ ಕಟ್ಟಿ. ನಮ್ಮ ಲೆಕ್ಕವನ್ನೇ ಹಿಡಿದರೆ ಎರಡು ತಿಂಗಳ ಕೇಂದ್ರದ ಖರ್ಚು ₹3,36,000. ಮನೆಯ ಸಿದ್ಧತೆ ಮತ್ತು ಆಮೇಲಿನ ಫಿಸಿಯೋಗೆ ಒಂದು ಲಕ್ಷ ಸೇರಿಸಿದರೆ ಸುಮಾರು ₹4.4 ಲಕ್ಷ. ಅಷ್ಟಾಗದಿದ್ದರೆ ಒಂದು ತಿಂಗಳ ಮೊತ್ತದಿಂದ ಶುರು ಮಾಡಿ. ಅವರ ಮತ್ತು ನಿಮ್ಮ ಹೆಸರಿನಲ್ಲಿ ‘ಇಬ್ಬರಲ್ಲಿ ಯಾರಾದರೂ’ ತೆಗೆಯಬಹುದಾದ ಠೇವಣಿಯಲ್ಲಿಡಿ. ಹತ್ತಿರದ ಎರಡು ಒಳ್ಳೆಯ ಕೇಂದ್ರಗಳನ್ನು, ಎಲ್ಲರೂ ಆರೋಗ್ಯವಾಗಿರುವಾಗಲೇ, ಒಂದು ಭಾನುವಾರ ಸಂಜೆ ಹೋಗಿ ನೋಡಿ ಬನ್ನಿ.